ಮದುವೆ ಪಾತ್ರೆಗೆ ಹೆಸರು ಹಾಕಿದ ಕೈ

ನಮ್ಮ ಮನೆಯಲ್ಲಿ ನನಗೆ ಯಾರೂ ಕೆಲಸ ಹೇಳುತ್ತಿರಲಿಲ್ಲ. ಇದನ್ನು ಕೇಳಿದ ಹೆಂಗಸರು ಇವತ್ತಿಗೂ ‘ಪುಣ್ಯವಂತೆ ಬಿಡಮ್ಮ ನೀನು’ ಅನ್ನುತ್ತಾರೆ. ಅವರ ಬಾಯಿಗಿಷ್ಟು ಮಣ್ಣು ಹಾಕ. ಹದಿನಾಲ್ಕು ವರ್ಷದ ಹುಡುಗಿಗೆ ಒಂದು ಈರುಳ್ಳಿ ಹೆಚ್ಚಲು ಬರುತ್ತಿರಲಿಲ್ಲ. ಹಾಲು ಉಕ್ಕಿದರೆ ಒಲೆ ಆರಿಸುವುದು ಹೇಗೆಂದು ಗೊತ್ತಿರಲಿಲ್ಲ. ಬಸ್ಸಿನಲ್ಲಿ ಟಿಕೇಟು ಕೇಳುವುದು ಹೇಗೆ, ಅಂಗಡಿಯವನ ಹತ್ತಿರ ಚಿಲ್ಲರೆ ವಾಪಸ್ ಇಸಿದುಕೊಳ್ಳುವುದು ಹೇಗೆ, ಒಂದೂ ತಿಳಿದಿರಲಿಲ್ಲ. ಇದಕ್ಕೆ ಪುಣ್ಯ ಅಂತಾರಾ? ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂದು ನನ್ನ ಎರಡೂ ಕಾಲುಗಳ ಶಕ್ತಿ ಹೋಯಿತು, ಪೋಲಿಯೊ. ಕೈಗಳಿಗೆ ಏನೂ ಆಗಿರಲಿಲ್ಲ. ತಲೆಗೂ ಏನೂ ಆಗಿರಲಿಲ್ಲ. ಆದರೆ ನಮ್ಮ ಮನೆಯವರು ಕಾಲಿನ ಜೊತೆಗೆ ಕೈಯನ್ನೂ, ಕೈಯ ಜೊತೆಗೆ ತಲೆಯನ್ನೂ ಸೇರಿಸಿ ಒಟ್ಟಿಗೇ ಬಟ್ಟೆ ಸುತ್ತಿ ಮೂಲೆಯಲ್ಲಿ ಇಟ್ಟುಬಿಟ್ಟಿದ್ದರು.

ಕಡೂರಿನ ಪೇಟೆಬೀದಿಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅದರ ಬೆನ್ನಿಗೇ ಮನೆ. ಬೀದಿಯಿಂದ ನೋಡಿದರೆ ಅಗಲ ಕಮ್ಮಿ, ಒಳಗೆ ಹೋದಷ್ಟೂ ಉದ್ದ. ಮುಂದೆ ಅಂಗಡಿ, ಅಲ್ಲಿ ಅಪ್ಪಾಜಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಅಂಗಡಿಗೂ ಮನೆಗೂ ನಡುವೆ ಒಂದು ಹಸಿರು ಪರದೆ. ಪರದೆ ಸರಿಸಿದರೆ ಮಾಲು ಇಡುವ ಹಿಂದಿನ ಕೋಣೆ. ಹುಲ್ಲು, ಹಳೇ ಪೇಪರು, ಹೊಸ ಸ್ಟೀಲು ಎಲ್ಲ ಸೇರಿದ ಒಂದು ವಾಸನೆ ಅಲ್ಲಿ ಸದಾ ಇರುತ್ತಿತ್ತು. ಅದರಾಚೆ ನಡುಮನೆ, ಅಡುಗೆಮನೆ, ಹಿತ್ತಿಲ ನಲ್ಲಿ. ನಾನು ನೆಲದ ಮೇಲೆ ಕೈಯೂರಿ ಸರಿದುಕೊಂಡು ಓಡಾಡುತ್ತಿದ್ದೆ. ಅಮ್ಮ ಹೊಸ್ತಿಲಿಗೆ ಹಚ್ಚಿದ ಅರಿಶಿನವೆಲ್ಲ ನನ್ನ ಲಂಗಕ್ಕೇ ಹತ್ತುತ್ತಿತ್ತು. ಮನೆಯ ತುಂಬ ಎಲ್ಲಿ ಬೇಕಾದರೂ ಹೋಗಬಹುದಿತ್ತು. ಪರದೆಯ ಆಚೆಗೆ ಮಾತ್ರ ಹೋಗುವ ಹಾಗಿರಲಿಲ್ಲ. ಗಿರಾಕಿಗಳು ಬರುವ ಜಾಗ, ಬೆಳಗ್ಗೆ ಎದ್ದು ಬಂದವರ ಕಣ್ಣಿಗೆ ಬೀಳಬಾರದು ಎಂದು ಅಮ್ಮ ಎಷ್ಟು ಮೆತ್ತಗೆ ಹೇಳಿದ್ದಳೆಂದರೆ, ಅದೊಂದು ಬೈಗುಳ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಬೆಳಗ್ಗೆ ಅಮ್ಮ ಕೆಲಸ ಹಂಚುತ್ತಿದ್ದಳು. ಅಕ್ಕ ಸುಮಾಳಿಗೆ ಪಾತ್ರೆ ತೊಳೆಯುವುದು, ನೀರು ಹಿಡಿಯುವುದು. ತಮ್ಮ ಮಂಜನಿಗೆ ಅಂಗಡಿ ಮುಂದೆ ಗುಡಿಸಿ ನೀರು ಚಿಮುಕಿಸುವುದು. ನನಗೆ ಬಿಸಿ ರೊಟ್ಟಿ, ಅದರ ಮೇಲೆ ಬೆಣ್ಣೆ. ಅವರಿಬ್ಬರೂ ಕೆಲಸ ಮುಗಿಸಿ ಬರುವ ಹೊತ್ತಿಗೆ ನನ್ನ ಹೊಟ್ಟೆ ತುಂಬಿರುತ್ತಿತ್ತು. ಅವರು ಬೈಸಿಕೊಳ್ಳುತ್ತಿದ್ದರು, ನನಗೆ ಬೈಗುಳವಿಲ್ಲ. ಅವರು ಜಗಳ ಆಡುತ್ತಿದ್ದರು, ನನ್ನ ಜೊತೆ ಜಗಳ ಆಡಿದರೆ ಏಟು ಬೀಳುತ್ತಿದ್ದದ್ದು ಅವರಿಗೇ. ಹನ್ನೆರಡು ತುಂಬುವವರೆಗೂ ಅಮ್ಮ ನನಗೆ ಕಲಸಿ ತುತ್ತು ಇಟ್ಟಳು. ಲಿಂಗದಹಳ್ಳಿಯಿಂದಲೋ ಅಜ್ಜಂಪುರದಿಂದಲೋ ನೆಂಟರು ಬಂದರೆ ನನ್ನ ಎದುರಿಗೇ ಕೂತು, ನನ್ನ ತಲೆಯ ಮೇಲಿಂದ ಅಮ್ಮನನ್ನು ಕೇಳುತ್ತಿದ್ದರು: ‘ಮಗು ಊಟ ಚೆನ್ನಾಗಿ ಮಾಡ್ತದಾ? ರಾತ್ರಿ ನಿದ್ದೆ ಮಾಡ್ತದಾ?’ ಬಾಯಿದ್ದವಳು ನಾನು, ಉತ್ತರ ಕೊಡುತ್ತಿದ್ದವಳು ಅಮ್ಮ. ಹೋಗುವಾಗ ‘ಪಾಪ’ ಎಂದು ಲೊಚಗುಟ್ಟಿ ಹೋಗುತ್ತಿದ್ದರು. ಆ ಲೊಚಗುಟ್ಟುವ ಸದ್ದು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಒಂದು ಮಧ್ಯಾಹ್ನದ ಜಗಳ ಚೆನ್ನಾಗಿ ನೆನಪಿದೆ. ಅಮ್ಮ ಈಳಿಗೆ ಮಣೆಯ ಮೇಲೆ ಕೂತು ಬೀನ್ಸು ಹೆಚ್ಚುತ್ತಿದ್ದಳು. ಈಳಿಗೆ ಮಣೆ ಇರುವುದು ನೆಲದ ಮೇಲೆ. ನಾನಿರುವುದೂ ನೆಲದ ಮೇಲೆ. ಇಡೀ ಮನೆಯಲ್ಲಿ ನನಗೆಂದೇ ಮಾಡಿಸಿದಂತಿದ್ದ ಸಾಮಾನು ಅದೊಂದೇ.

“ಅಮ್ಮ, ಕೊಡಿಲ್ಲಿ, ನಾನು ಹೆಚ್ತೀನಿ.”

“ಬ್ಯಾಡ ಕಣಮ್ಮ, ಕೈ ಗಿಯ್ ಕುಯ್ಕಂಡೀಯ.”

“ಸುಮಕ್ಕ ಕುಯ್ಕಳಲ್ವಾ?”

“ಅವ್ಳು ಕುಯ್ಕಂಡ್ರೆ ವಾಸಿ ಆಗ್ತೈತೆ. ನಿಂಗೆ ದೇವ್ರು ಕೊಟ್ಟಿರೋದೇ ಸಾಕಾಗೈತೆ. ನಾವಿರೋಗಂಟ ನಿಂಗೇನವ್ವ ಕಮ್ಮಿ?”

ನಾವಿರೋಗಂಟ! ಈ ಮಾತನ್ನು ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಸಲ ಕೇಳಿದ್ದೇನೆ. ಏಳನೇ ಕ್ಲಾಸಿನವರೆಗೆ ಅಪ್ಪಾಜಿ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟರು. ಎಂಟನೇ ಕ್ಲಾಸು ಮಹಡಿಯ ಮೇಲಿತ್ತು. ಕ್ಲಾಸನ್ನು ಕೆಳಗೆ ಮಾಡಿ ಎಂದು ಕೇಳಬಹುದಿತ್ತಲ್ಲ, ಕೇಳಲಿಲ್ಲ. ‘ಹೋಗ್ಲಿ ಬಿಡು, ಓದಿ ಏನ್ ಆಫೀಸಿಗೆ ಹೋಗ್ಬೇಕಾ, ನಾವಿರೋಗಂಟ’ ಎಂದರು. ಅಲ್ಲಿಗೆ ನನ್ನ ಓದು ಮುಗಿಯಿತು. ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಎದುರು ಬೀಳಬಹುದಿತ್ತು. ಇವರು ಬೆಣ್ಣೆ ತಿನ್ನಿಸುತ್ತ, ತಲೆ ಸವರುತ್ತ ನನ್ನನ್ನು ಕೈಲಾಗದವಳನ್ನಾಗಿ ಮಾಡುತ್ತಿದ್ದರು.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸದೆ ಯಾರೂ ಕೊಡುವುದಿಲ್ಲ. ಬಿಂದಿಗೆಯೋ ಹರಿವಾಣವೋ ಡಬರಿಯೋ, ಕೊಟ್ಟವರು ಯಾರೆಂದು ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ಬರೆದಿರಬೇಕು. ಹೆಣ್ಣಿಗೆ ತೌರುಮನೆಯಿಂದ ಹೋಗುವ ಪಾತ್ರೆಗಂತೂ ಹೆಣ್ಣು ಗಂಡು ಇಬ್ಬರ ಹೆಸರೂ ಬೇಕೇ ಬೇಕು. ಪೆನ್ನಿನ ಹಾಗೆ ಹಿಡಿಯುವ ಒಂದು ಕರೆಂಟಿನ ಮಷೀನು ಇರುತ್ತದೆ. ಅದರ ಮೊನೆ ಗುರ್ರ್ ಎಂದು ಕುಟ್ಟುತ್ತ ಹೋಗುತ್ತದೆ, ಕೈ ನಡುಗಿದರೆ ಅಕ್ಷರ ಸೊಟ್ಟ, ಒತ್ತಿ ಹಿಡಿದರೆ ಪಾತ್ರೆ ತಗ್ಗು. ನಮ್ಮ ಅಂಗಡಿಗೆ ಮದುವೆ ಕಾಲದಲ್ಲಿ ಬಾಷಾ ಸಾಬರು ಅನ್ನುವವರು ಬಂದು ಈ ಕೆಲಸ ಮಾಡಿಕೊಡುತ್ತಿದ್ದರು. ಅವರು ತರೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವಂತದ್ದೇ ಒಂದು ಗೂಡಂಗಡಿ ಮಾಡಿಕೊಂಡು ಹೋದಾಗ ಅಪ್ಪಾಜಿ ಮಷೀನೊಂದನ್ನು ಕೊಂಡು ತಂದು ಮಂಜನ ಕೈಗೆ ಕೊಟ್ಟರು. ಮಂಜನಿಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಒಬ್ಬರ ಹೆಸರು ಹಾಕುವಷ್ಟರಲ್ಲಿ ಹತ್ತು ಸಲ ಎದ್ದು ಬೀದಿ ನೋಡಿ ಬರುತ್ತಿದ್ದ. ಅವನು ಹಾಳು ಮಾಡಿದ ತಟ್ಟೆಗಳು ಹಿಂದಿನ ಕೋಣೆಯ ಮೂಲೆಯಲ್ಲಿ ಬೀಳತೊಡಗಿದವು.

ಒಂದು ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾಗಿದ್ದಾಗ ನಾನು ಹಿಂದಿನ ಕೋಣೆಗೆ ಸರಿದು ಹೋಗಿ, ಮಷೀನಿನ ಪ್ಲಗ್ಗು ಚುಚ್ಚಿ, ನೆಗ್ಗಿದ ಒಂದು ಮುಚ್ಚಳ ತೊಡೆಯ ಮೇಲಿಟ್ಟುಕೊಂಡೆ. ಕೈ ಜುಮ್ಮೆಂದಿತು. ಮೊದಲು ಏನು ಬರೆಯುವುದೆಂದು ಯೋಚಿಸಲೇ ಇಲ್ಲ. ‘ಮಂಜ ಕತ್ತೆ’ ಎಂದು ಬರೆದೆ. ತಲೆ ಎತ್ತಿದರೆ ಪರದೆಯ ಹತ್ತಿರ ಅಪ್ಪಾಜಿ ನಿಂತಿದ್ದಾರೆ. ಈಗ ಮಷೀನು ಕಿತ್ತುಕೊಳ್ಳುತ್ತಾರೆ ಅಂದುಕೊಂಡೆ. ಅವರು ಮುಚ್ಚಳ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ಲೇ ಗಿರಿಜ, ಈ ಥರ ಒತ್ತಕ್ಷರ ಬಾಷಾ ಸಾಬ್ರಿಗೇ ಬತ್ತಿರ್ಲಿಲ್ವಲ್ಲೇ.”

ಮರುದಿನದಿಂದ ಪಾಠ ಶುರುವಾಯಿತು. ಇಲ್ಲಿ ಅಪ್ಪಾಜಿಗೆ ಸಲ್ಲಬೇಕಾದ್ದು ಸಲ್ಲಲಿ, ನಾನು ಕದಿಯುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ದಿನಾ ಸಂಜೆ ನನ್ನ ಎದುರು ಕೂತು ನೆಗ್ಗಿದ ತಟ್ಟೆ, ತೂತು ಬಿದ್ದ ಚೊಂಬು ಕೊಟ್ಟು ಬರೆಸುತ್ತಿದ್ದರು. ಸಾಲು ಸೊಟ್ಟವಾದರೆ ‘ಕಣ್ಣೇನ್ ಹಿತ್ಲಲ್ಲಿ ಇಟ್ಟು ಬಂದಿದೀಯೇನೇ?’ ಎಂದು ಬೈಯುತ್ತಿದ್ದರು. ಅಕ್ಷರ ಕಿಕ್ಕಿರಿದರೆ ತಟ್ಟೆ ಎಳೆದು ಬಿಸಾಕಿ ‘ಇನ್ನೊಂದ್ ತಗಾ’ ಅನ್ನುತ್ತಿದ್ದರು. ಅಮ್ಮ ಬಾಗಿಲಲ್ಲಿ ನಿಂತು ‘ಮಗೀಗ್ಯಾಕೆ ಹಂಗ್ ಬೈತೀರಿ’ ಎಂದರೆ ‘ನೀನ್ ಒಳಿಕ್ಕೆ ಹೋಗು, ಕಲಿಯೋರಿಗೆ ಬೈಗುಳ ಬೀಳ್ಬೇಕು’ ಅನ್ನುತ್ತಿದ್ದರು. ಆ ಬೈಗುಳ ನನಗೆ ಎಷ್ಟು ಹಿತವಾಗಿತ್ತು! ಹುಟ್ಟಿದಾಗಿನಿಂದ ಮೊದಲ ಸಲ ಒಬ್ಬರು ನನ್ನಿಂದ ಏನನ್ನೋ ನಿರೀಕ್ಷೆ ಮಾಡುತ್ತಿದ್ದರು. ಕೆಲವೇ ತಿಂಗಳಲ್ಲಿ ನಾನು ಹೆಸರಿನ ಸುತ್ತ ಬಳ್ಳಿ ಬಿಡಿಸುವಷ್ಟು ಕಲಿತೆ. ಮದುವೆ ಕಾಲ ಬಂದಾಗ ಅಪ್ಪಾಜಿ ಮೊದಲ ಬಿಂದಿಗೆಯನ್ನು ತಂದು ನನ್ನ ಮುಂದಿಟ್ಟು, ಪರದೆಯನ್ನು ಎಳೆದು ಸರಿಯಾಗಿ ಮುಚ್ಚಿದರು.

“ನೋಡು ಮಗಾ, ಇವೆಲ್ಲಾ ಶುಭಕಾರ್ಯದ ಪಾತ್ರೆ. ನಿನ್ ಕೈಲಿ ಹಾಕ್ಸಿದ್ದು ಅಂತ ಗೊತ್ತಾದ್ರೆ ಜನ ಒಪ್ಪಲ್ಲ. ನಮಗೇನಿಲ್ಲ ಮತ್ತೆ. ಜನಕ್ಕೆ.”

“ಹಂಗಾದ್ರೆ ಯಾರು ಹಾಕಿದ್ದು ಅಂತೀರಿ?”

“ಮಂಜ ಅಂದ್ರಾಯ್ತಪ್ಪ.”

ನಾನು ಒಪ್ಪಿದೆ. ಹದಿನಾಲ್ಕು ವರ್ಷದವಳಿಗೆ ಕೆಲಸ ಸಿಕ್ಕಿದ್ದೇ ದೊಡ್ಡದಾಗಿತ್ತು. ಆಮೇಲೆ ನಡೆದದ್ದು ಒಳ್ಳೇ ನಾಟಕ. ಗಿರಾಕಿ ಪಾತ್ರೆ ಆರಿಸಿ ಹೆಸರು ಹೇಳಿದರೆ ಮಂಜ ಅದನ್ನು ಚೀಟಿಯಲ್ಲಿ ಬರೆದುಕೊಂಡು ‘ಒಳಗೆ ಕರೆಂಟು ಚೆನ್ನಾಗೈತೆ, ಅಲ್ಲೇ ಹಾಕ್ಕೊಂಡ್ ಬತ್ತೀನಿ’ ಎಂದು ಪರದೆ ಸರಿಸಿ ಬರುತ್ತಿದ್ದ. ಪಾತ್ರೆ ನನ್ನ ತೊಡೆಗೆ ಕೊಟ್ಟು ಹುಲ್ಲಿನ ಮೂಟೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಕೆಲಸ ಮುಗಿದ ಮೇಲೆ ಹಣೆ ಒರೆಸಿಕೊಳ್ಳುತ್ತ ಹೊರಗೆ ಹೋಗುತ್ತಿದ್ದ. ಹೊರಗಿನಿಂದ ಕೇಳಿಸುತ್ತಿತ್ತು: ‘ಏನಪ್ಪಾ ನಿನ್ ಕೈ! ಮುತ್ತು ಪೋಣ್ಸಿದಂಗೈತಲ್ಲೋ!’ ಮಂಜ ಕೆಟ್ಟ ಹುಡುಗನಲ್ಲ. ಹೊಗಳಿಕೆಯನ್ನು ತಾನೇ ಇಟ್ಟುಕೊಳ್ಳುತ್ತಿರಲಿಲ್ಲ. ಒಳಗೆ ಬಂದು ‘ಅಕ್ಕ, ಅಕ್ಷರ ಭಾಳ ಚೆನ್ನಾಗೈತಂತೆ’ ಎಂದು ನನಗೆ ಮುಟ್ಟಿಸುತ್ತಿದ್ದ. ಆದರೂ ಹೆಸರು ಅವನದೇ. ಅಪ್ಪಾಜಿ ಪ್ರತಿ ತಿಂಗಳು ಮಠಕ್ಕೆ ಹೋಗಿ ಸಭೆಯಲ್ಲಿ ಕೂತು ಕಾಯಕದ ಮಾತು ಕೇಳಿ ತಲೆದೂಗಿ ಬರುತ್ತಿದ್ದರು. ಬಂದು ಮೊದಲು ಮಾಡುತ್ತಿದ್ದ ಕೆಲಸ, ಪರದೆ ಮುಚ್ಚಿದೆಯೇ ಎಂದು ನೋಡುವುದು.

ಈಗ ನನ್ನದು ತರೀಕೆರೆಯಲ್ಲಿ ಸ್ವಂತ ಅಂಗಡಿ. ಪಾತ್ರೆಗೆ ಹೆಸರು, ಬಹುಮಾನದ ಫಲಕ, ಬಾಗಿಲ ಬೋರ್ಡು ಎಲ್ಲ ಮಾಡುತ್ತೇವೆ. ನನ್ನಂಥ ಮಕ್ಕಳಿರುವ ಅಪ್ಪ ಅಮ್ಮಂದಿರು ಹುಡುಕಿಕೊಂಡು ಬರುತ್ತಾರೆ, ‘ನಮ್ಮ ಹುಡುಗನಿಗೂ ಏನಾದ್ರೂ ದಾರಿ ಹೇಳಿ ಮೇಡಂ’ ಅಂತ. ಹುಡುಗನ ಕಡೆ ತಿರುಗಿ ‘ನಿನ್ನ ಹೆಸರೇನಪ್ಪಾ’ ಎಂದರೆ ಅಮ್ಮ ಹೇಳುತ್ತಾಳೆ. ‘ಏನು ಇಷ್ಟ’ ಎಂದರೆ ಅಪ್ಪ ಹೇಳುತ್ತಾನೆ. ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಅವನ ಬಾಯಿಗೇನಾಗಿದೆ, ಅವನು ಹೇಳಲಿ, ತಡವರಿಸಲಿ, ಅರ್ಧ ಗಂಟೆ ತೆಗೆದುಕೊಳ್ಳಲಿ, ನಿಮಗೇನು ಬಸ್ಸು ತಪ್ಪುತ್ತದಾ ಎಂದು ಗದರುತ್ತೇನೆ. ಮೊದಲು ಅವನ ಕೈಗೆ ಚಾಕು ಕೊಡಿ, ಈರುಳ್ಳಿ ಹೆಚ್ಚಲಿ, ಕೈ ಕುಯ್ದುಕೊಳ್ಳಲಿ. ಅಂಗಡಿಗೆ ಕಳಿಸಿ, ಮೋಸ ಹೋಗಿ ಬರಲಿ. ಬೆಳಗ್ಗೆ ಹೊತ್ತಿಗೆ ಸರಿಯಾಗಿ ಎಬ್ಬಿಸಿ, ಏಳದಿದ್ದರೆ ಅವನ ಅಣ್ಣನಿಗೆ ಬೈದ ಹಾಗೇ ಬೈಯಿರಿ. ಅವನು ಮಾಡಿದ ಕೆಲಸ ಕೆಟ್ಟದಾಗಿದ್ದರೆ ಕೆಟ್ಟದಾಗಿದೆ ಅನ್ನಿ, ಚೆನ್ನಾಗಿದ್ದರೆ ಊರಿಗೆಲ್ಲ ಕೇಳುವ ಹಾಗೆ ಇವನು ಮಾಡಿದ್ದು ಅನ್ನಿ. ಕೆಲಸ ಕಲಿಸುವುದೇ ಬೇರೆ, ಕೆಲಸಗಾರ ಅನ್ನಿಸಿಕೊಳ್ಳಲು ಬಿಡುವುದೇ ಬೇರೆ. ನಮ್ಮಪ್ಪ ಮೊದಲಿನದ್ದನ್ನು ಮಾಡಿ ಎರಡನೆಯದಕ್ಕೆ ಅಡ್ಡ ನಿಂತರು. ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು ‘ಆಯಮ್ಮನ ಬಾಯಿ ಜೋರು’ ಎಂದು ಎದ್ದು ಹೋಗುತ್ತಾರೆ.

ಆಗ ಪರದೆಯ ಹಿಂದೆ ಮೂರು ಮದುವೆ ಕಾಲ ಹಾಗೇ ಕಳೆಯಿತು. ಕಡೂರು, ಬೀರೂರು, ಸುತ್ತಲ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ನನ್ನ ಕೈಯಲ್ಲಿ ಹೆಸರು ಹಾಕಿಸಿಕೊಂಡ ಬಿಂದಿಗೆ ಹೊತ್ತು ಗಂಡನ ಮನೆಗೆ ಹೋದರು. ನನಗೆ ಹದಿನೇಳು ನಡೆಯುತ್ತಿದ್ದಾಗ ಸುಮಕ್ಕನಿಗೆ ಮದುವೆ ಗೊತ್ತಾಯಿತು, ಗಂಡು ಅಜ್ಜಂಪುರದವನು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದು ನಮ್ಮ ಮನೆಯ ಮದುವೆ, ಇಲ್ಲಿ ಯಾವ ಜನ, ಯಾವ ಪರದೆ! ಸುಮಕ್ಕ, ಬಾವ ಇಬ್ಬರ ಹೆಸರನ್ನೂ ಹಳೇ ತಟ್ಟೆಗಳ ಮೇಲೆ ಬರೆದು ಬರೆದು ಕೈ ಕೂರಿಸಿಕೊಂಡೆ. ಎರಡು ಹೆಸರನ್ನೂ ಕೂಡಿಸುವ ಹಾಗೆ ಮಲ್ಲಿಗೆ ಬಳ್ಳಿಯೊಂದನ್ನು ಹೊಸದಾಗಿ ಬಿಡಿಸಿಕೊಂಡೆ. ಅಪ್ಪಾಜಿ ಅಕ್ಕನಿಗೆಂದು ಆರಿಸಿಟ್ಟ ಪಾತ್ರೆಗಳೆಲ್ಲ ಹಿಂದಿನ ಕೋಣೆಯಲ್ಲೇ ಇದ್ದವು. ಒಂದು ದಿನ ಬೆಳಗ್ಗೆ ನೋಡಿದರೆ ಒಂದೂ ಇಲ್ಲ. ಕೇಳಿದ್ದಕ್ಕೆ ಪಾಲಿಶಿಗೆ ಕಳಿಸಿದೆ ಎಂದರು. ಹೊಸ ಪಾತ್ರೆಗೆ ಎಂಥ ಪಾಲಿಶು ಎಂದು ನಾನಾದರೂ ಕೇಳಬೇಕಿತ್ತು.

ಮದುವೆಗೆ ವಾರವಿದ್ದಾಗ ಮನೆ ಮುಂದೆ ಲಗೇಜ್ ಆಟೊ ನಿಂತಿತು. ಇಳಿದವರು ಬಾಷಾ ಸಾಬರು. ಪಾತ್ರೆಗಳನ್ನೆಲ್ಲ ಹಿಂದಿನ ಕೋಣೆಗೆ ಇಳಿಸಿ ಕೂತರು. ಅಮ್ಮ ಟೀ ತಂದುಕೊಟ್ಟಳು. ನಾನು ಹತ್ತಿರವಿದ್ದ ಹರಿವಾಣವನ್ನು ತಿರುಗಿಸಿ ನೋಡಿದೆ. ಸುಮಕ್ಕನ ಹೆಸರು ಇತ್ತು. ಬಾವನ ಹೆಸರೂ ಇತ್ತು. ಅಕ್ಷರ ನನ್ನದಲ್ಲ. ಸಾಬರು ಟೀ ಊದುತ್ತ, ಏನೂ ಗೊತ್ತಿಲ್ಲದವರಾದ್ದರಿಂದ ಸಹಜವಾಗಿ ಕೇಳಿದರು:

“ಸಾವ್ಕಾರ್ರೇ, ನಿಮ್ ಅಂಗಡೀಲೇ ಅಂಥಾ ಕೈ ಇಟ್ಕಂಡು ತರೀಕೆರೆಗ್ಯಾಕೆ ಕಳ್ಸಿದ್ರಿ? ನಿಮ್ ಹುಡುಗ ಹಾಕಿರೋ ಪಾತ್ರೆ ನಮ್ಮ ಕಡೀಗೂ ಬತ್ತಾವೆ, ನಾನ್ ನೋಡಿದೀನಿ. ನಂಗೇ ಅಂಥಾದ್ದು ಬರಲ್ಲ.”

ಅಪ್ಪಾಜಿ ‘ಮದ್ವೆ ಗಲಾಟೆ, ಹುಡುಗನಿಗೆ ಪುರುಸೊತ್ತಿಲ್ಲ’ ಎಂದೇನೋ ತೊದಲಿದರು. ಸಾಬರು ಹೊರಟುಹೋದರು. ಅವರ ಆಟೊ ತಿರುವು ದಾಟುವವರೆಗೂ ನಾನು ತಡೆದುಕೊಂಡೆ. ಆಮೇಲೆ ಹರಿವಾಣವನ್ನು ಎತ್ತಿ ಗೋಡೆಗೆ ಬೀಸಿದೆ. ಆ ಸದ್ದಿಗೆ ಸುಮಕ್ಕ ಅಡುಗೆಮನೆಯಿಂದ ಓಡಿ ಬಂದಳು.

“ಜನ ಒಪ್ಪಲ್ಲ, ನಮಗೇನಿಲ್ಲ ಅಂದಿದ್ರಲ್ಲ ಅಪ್ಪಾಜಿ! ಇಲ್ಲಿ ಯಾವ ಜನ ಅವ್ರೆ? ತೋರ್ಸಿ!”

“ಮೆಲ್ಲಗೆ ಮಾತಾಡೇ, ಅಂಗಡೀಲಿ ಗಿರಾಕಿ ಅವ್ರೆ.”

“ಇರ್ಲಿ! ಅವರಿಗೂ ಕೇಳ್ಲಿ!”

ಅಮ್ಮ ನನ್ನ ಹತ್ತಿರ ಕೂತು ಬೆನ್ನ ಮೇಲೆ ಕೈ ಇಟ್ಟಳು. “ನಿಮ್ಮಕ್ಕನ ಒಳ್ಳೇದಕ್ಕೆ ಕಣೇ. ಸುಮ್ನೆ ಒಂದು ಶಾಸ್ತ್ರಕ್ಕೆ. ಯಾಕ್ ಬೇಕು ಅಂತ.”

ಆ ಕೈಯನ್ನು ನಾನು ಕಿತ್ತು ಹಾಕಿದೆ.

“ನನ್ ಕೈ ಅಷ್ಟು ಕೆಟ್ಟದಾಗಿದ್ರೆ ಊರೋರ ಮಕ್ಕಳ ಪಾತ್ರೆಗೆಲ್ಲ ಯಾಕೆ ಹಾಕ್ಸಿದ್ರಿ? ಅವ್ರ ಮನೆ ಹಾಳಾಗ್ಲಿ ಅಂತಾನಾ? ಕೆಟ್ಟದಲ್ಲ ಅಂದ್ರೆ ಸುಮಕ್ಕನ ಪಾತ್ರೆ ತರೀಕೆರೆಗೆ ಯಾಕೆ ಹೋಯ್ತು? ಎರಡರಲ್ಲಿ ಒಂದು ಹೇಳಿ ಅಪ್ಪಾಜಿ. ಒಂದೇ ಒಂದು ಹೇಳಿ, ನಾನು ಸುಮ್ನಾಗ್ತೀನಿ.”

ಅಪ್ಪಾಜಿ ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡು ಪರದೆಯಾಚೆ ಹೋಗಿ, ಗಿರಾಕಿಯ ಹತ್ತಿರ ಕುಕ್ಕರಿನ ವ್ಯಾಪಾರ ಮಾತಾಡತೊಡಗಿದರು. ಅವತ್ತು ಸಂಜೆ ಸುಮಕ್ಕ ಒಂದು ಪುಟ್ಟ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ‘ಇದಕ್ಕೆ ನೀನೇ ಹಾಕೇ, ಯಾರಿಗೂ ತೋರ್ಸಲ್ಲ, ನನ್ ಹತ್ರ ಇಟ್ಕಂತೀನಿ’ ಎಂದು ಅತ್ತಳು. ಅವಳ ಮನಸ್ಸು ನನಗೆ ಗೊತ್ತು. ಆದರೂ ನಾನು ಚೊಂಬನ್ನು ವಾಪಸ್ ತಳ್ಳಿದೆ. ಕದ್ದು ಹಾಕಿದ್ದು ಸಾಕು ಅಂದೆ. ಮದುವೆಯ ದಿನ ಛತ್ರದಲ್ಲಿ ನನ್ನನ್ನು ಉಡುಗೊರೆ ಇಡುವ ಕೋಣೆಯಲ್ಲಿ ಕೂರಿಸಿದ್ದರು. ಮುಯ್ಯಿ ಮಾಡಿದ ಪಾತ್ರೆಗಳು ಒಂದೊಂದಾಗಿ ಬಂದು ಬೀಳುತ್ತಿದ್ದವು. ಅವುಗಳಲ್ಲಿ ಮುಕ್ಕಾಲು ಪಾಲು ನಮ್ಮ ಅಂಗಡಿಯವೇ, ನನ್ನ ಕೈಯವೇ! ಬೇಡ ಬೇಡವೆಂದರೂ ನನ್ನ ಕೈ ಸುಮಕ್ಕನ ಮನೆಗೆ ಹೋಗುತ್ತಿತ್ತು. ನನಗೆ ಅಲ್ಲಿ ಕೂತು ಒಬ್ಬಳೇ ನಗು ಬಂತು, ಮತ್ತೆ ಇನ್ನಷ್ಟು ಸಿಟ್ಟು ಬಂತು.

ಮದುವೆ ಮುಗಿದು ಅಂಗಡಿ ತೆರೆದ ದಿನ ಮಂಜ ಎಂದಿನಂತೆ ಬಿಂದಿಗೆ ತಂದ. ನಾನು ಮಷೀನಿನ ವಯರು ಸುತ್ತಿಟ್ಟಿದ್ದೆ.

“ಹಾಕಲ್ಲ ಕಣೋ. ಹಾಕೋದಾದ್ರೆ ಅಂಗಡಿ ಮುಂದೆ ಕೂತು ಹಾಕ್ತೀನಿ ಅಂತ ಹೇಳು.”

ಲಗ್ನಗಳು ಇನ್ನೂ ಮುಗಿದಿರಲಿಲ್ಲ. ಹಿಂದಿನ ಕೋಣೆಯಲ್ಲಿ ಹೆಸರಿಲ್ಲದ ಪಾತ್ರೆಗಳು ಗುಡ್ಡೆ ಬಿದ್ದವು. ಮಂಜ ಒಂದೆರಡು ಪ್ರಯತ್ನ ಮಾಡಿ ಗಿರಾಕಿಗಳಿಂದ ಬೈಸಿಕೊಂಡ. ‘ಏನೋ ನಿನ್ ಕೈಗೆ ಬಂದಿರೋದು’ ಎಂದು ಅವರು ಕೇಳುವುದು ನನಗೆ ಪರದೆಯಾಚೆಯಿಂದ ಕೇಳಿಸುತ್ತಿತ್ತು. ಅಪ್ಪಾಜಿ ಮೊದಲು ಗದರಿದರು, ಆಮೇಲೆ ಪುಸಲಾಯಿಸಿದರು, ಆಮೇಲೆ ಮಾತು ಬಿಟ್ಟರು. ನಾನು ಜಗ್ಗಲಿಲ್ಲ. ಒಂದು ಮಧ್ಯಾಹ್ನ ಅಮ್ಮ ಮೊಸರನ್ನ ಕಲಸಿ ತಂದು, ಐದು ವರ್ಷದಿಂದ ಬಿಟ್ಟಿದ್ದ ಅಭ್ಯಾಸವನ್ನು ಮತ್ತೆ ಹಿಡಿದವಳಂತೆ, ನನ್ನ ಬಾಯಿಗೆ ತುತ್ತು ಹಿಡಿದಳು.

“ಹಟ ಬಿಡು ನನ್ನವ್ವ. ನಿಮ್ಮಪ್ಪನ ಮರ್ವಾದೆ ತೆಗೀಬ್ಯಾಡ. ನಿಂಗ್ಯಾಕೆ ಅಂಗಡಿ ಉಸಾಬರಿ, ನಾವಿರೋಗಂಟ…”

“ನೀವಿಲ್ದಿದ್ ಮೇಲೆ?”

“ಸುಮ ಅವ್ಳೆ, ಮಂಜ ಅವ್ನೆ. ನೋಡ್ಕಂತಾರೆ.”

“ಸುಮಕ್ಕನ ಪಾತ್ರೆ ನಾನು ಮುಟ್ಬಾರ್ದು. ಅವಳ ಮನೆ ಅನ್ನ ಮಾತ್ರ ಉಣ್ಬೋದಾ ಅಮ್ಮ?”

ಅಮ್ಮನ ಕೈ ನನ್ನ ಬಾಯಿಯ ಹತ್ತಿರವೇ ನಿಂತಿತು. ಅವಳು ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ. ತುತ್ತನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ನನ್ನ ಮುಂದಿಟ್ಟು, ‘ನೀನೇ ಉಣ್ಣು’ ಎಂದು ಎದ್ದು ಹೋದಳು. ಆ ರಾತ್ರಿ ಅಮ್ಮ ಅಪ್ಪಾಜಿಯ ನಡುವೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೆ ಅಮ್ಮ ಪರದೆ ಸರಿಸಿ ಹೊರಗೆ ಹೋದಳು. ವ್ಯಾಪಾರದ ಹೊತ್ತಿನಲ್ಲಿ ಅವಳು ಯಾವತ್ತೂ ಆಚೆ ಕಾಲಿಟ್ಟವಳಲ್ಲ. ಅಪ್ಪಾಜಿಯ ಗಾದಿಯ ಪಕ್ಕ ಚಾಪೆ ಹಾಸಿದಳು.

“ಅತ್ಲಾಗೆ ಸರೀರಿ ಒಸಿ. ಅವ್ಳು ಕೂರ್ಲಿ.”

“ಏನೇ ನಿಂದು, ಜನ ನೋಡ್ತಾರೆ…”

“ನೋಡ್ಲಿ. ನೋಡಕ್ಕೇ ಕೂರ್ಸ್ತಿರೋದು.”

ಹಾಗೆ ನಾನು ಪರದೆ ದಾಟಿದೆ. ಅಂಗಡಿಯ ಮುಂದಿನ ಬಿಸಿಲು ಕಣ್ಣಿಗೆ ಚುಚ್ಚಿತು. ಎದುರಿನ ಬಟ್ಟೆ ಅಂಗಡಿಯವರು ಕತ್ತು ಉದ್ದ ಮಾಡಿ ನೋಡಿದರು. ಮಂಜ ಮಷೀನು ತಂದಿಟ್ಟು ಪ್ಲಗ್ಗು ಹಾಕಿ, ಕಡಲೆಕಾಯಿ ತಿನ್ನಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತ. ಮೊದಲು ಬಂದವಳು ಒಬ್ಬಳು ಹೆಂಗಸು, ಮಗಳ ಮದುವೆಗೆಂದು ದೊಡ್ಡ ಡಬರಿ ಆರಿಸಿದಳು, ಹಣ ಕೊಟ್ಟಳು, ಹೆಸರು ಹಾಕಿಸಬೇಕು ಎಂದಳು. ಅಪ್ಪಾಜಿ ಬಾಯಲ್ಲಿ ಹೇಳಲಾರದೆ ನನ್ನ ಕಡೆ ಕೈ ತೋರಿಸಿದರು. ಅವಳು ನನ್ನ ಮುಖ ನೋಡಿದಳು, ಲಂಗದ ಕೆಳಗಿನ ಕಾಲು ನೋಡಿದಳು. ಡಬರಿಯನ್ನು ಎದೆಗೆ ಅವಚಿಕೊಂಡಳು.

“ಬ್ಯಾಡ ಬಿಡಿ ಸಾವ್ಕಾರ್ರೇ. ಒಳ್ಳೆ ಕಾರ್ಯ. ಬೇರೆ ಕಡೆ ಹಾಕ್ಸ್ಕಂತೀನಿ.”

ಅವಳು ಮೆಟ್ಟಿಲಿಳಿದು ಹೋದಳು. ಅಪ್ಪಾಜಿ ನನ್ನ ಕಡೆ ತಿರುಗಿದರು. ನಾನು ಹೇಳಲಿಲ್ವಾ ಅನ್ನುವ ಮುಖ. ಗೆದ್ದವರ ಮುಖವಲ್ಲ, ನನಗೆ ನೋವಾಗುವುದೆಂದು ಮೊದಲೇ ಗೊತ್ತಿದ್ದವರ ಮುಖ. ಆ ಮುಖ ನೋಡಿ ನನ್ನ ಸಿಟ್ಟು ನೆತ್ತಿಗೇರಿತು. ನಾನು ಒಳಗೆ ಹೋಗುತ್ತೇನೆ ಅಂದುಕೊಂಡಿದ್ದರೇನೋ. ಮಷೀನನ್ನು ಇನ್ನೂ ಹತ್ತಿರ ಎಳೆದುಕೊಂಡು ಹೇಳಿದೆ.

“ಹೋಗ್ಲಿ ಬಿಡಿ ಅಪ್ಪಾಜಿ. ಮುಂದಿನೋರನ್ನ ಕರೀರಿ.”

ಅವರು ಗಾದಿಯ ಅಂಚು ಸರಿಮಾಡತೊಡಗಿದರು. 

“ಕರೀರಿ. ದಿನಾ ಕರೀತೀರಲ್ಲ, ಸ್ಟೀಲು ಹಿತ್ತಾಳೆ ಅಂತ. ನಾನು ಎಲ್ಲೂ ಹೋಗಲ್ಲ. ಇವತ್ತು ಯಾರೂ ಬರ್ದಿದ್ರೆ ನಾಳೆ ಕೂರ್ತೀನಿ. ನೀವು ಕರೀದಿದ್ರೆ ನಾನೇ ಕರೀತೀನಿ, ಕೂಗ್ಲಾ?”

ಅಪ್ಪಾಜಿ ಬೀದಿಯ ಕಡೆ ತಿರುಗಿದರು. ಮೊದಲ ಕೂಗು ಗಂಟಲಲ್ಲೇ ಉಳಿಯಿತು. ಎರಡನೆಯದು ಎದುರಿನ ಬಟ್ಟೆ ಅಂಗಡಿಯವರಿಗೆ, ಅದರಾಚೆ ಹಣ್ಣಿನ ಗಾಡಿಯವನಿಗೆ, ಪೇಟೆಬೀದಿಯ ಆ ತುದಿಗೆ ಕೇಳುವಷ್ಟು ಜೋರಾಗಿ ಬಂತು:

“ಬನ್ನಿ, ಪಾತ್ರೆಗೆ ಹೆಸ್ರು ಹಾಕ್ಸೋರು ಬನ್ನಿ! ನನ್ ಮಗಳು ಹಾಕ್ತಾಳೆ! ಮೂರು ವರ್ಷದಿಂದ ಇವಳೇ ಹಾಕಿರೋದು, ನನ್ ಮಗಳು!”

ಪರದೆಯ ಹಿಂದೆ ಅಮ್ಮ ಮೂಗು ಏರಿಸುವುದು ಕೇಳಿಸಿತು. ನನ್ನ ಸಿಟ್ಟು ಇಳಿದಿರಲಿಲ್ಲ. ನಿಜ ಹೇಳುತ್ತೇನೆ, ಇವತ್ತಿಗೂ ಪೂರ್ತಿ ಇಳಿದಿಲ್ಲ. ಹೆಗಲ ಮೇಲೆ ಹಿತ್ತಾಳೆ ಬಿಂದಿಗೆ ಇಟ್ಟುಕೊಂಡು ಹೋಗುತ್ತಿದ್ದ ಯಾರೋ ಒಬ್ಬ ನಡುವಯಸ್ಸಿನ ಗಂಡಸು ಕೂಗು ಕೇಳಿ ನಿಂತ. ಮೆಟ್ಟಿಲು ಹತ್ತಿ ಬಂದ. ಅವನೂ ನನ್ನ ಕಾಲು ನೋಡಿದ. ಆಮೇಲೆ ಬಿಂದಿಗೆಯನ್ನು ಹೆಗಲಿಂದ ಇಳಿಸಿ ನನ್ನ ಮುಂದಿಟ್ಟ. ನಾನು ಅದನ್ನು ತೊಡೆಯ ಮೇಲೆಳೆದುಕೊಂಡು, ಸ್ವಿಚ್ಚು ಒತ್ತಿ, ತಲೆ ಎತ್ತಿ ಅವನ ಕಣ್ಣನ್ನೇ ನೋಡುತ್ತ ಕೇಳಿದೆ:

“ಯಾರ ಹೆಸ್ರು ಹಾಕ್ಬೇಕು, ಹೇಳಿ.”